ಫೋಟೊ ಯಾಕೆ ಬರಲ್ಲ? ಲಿನಕ್ಸ್ ಫೋನು ಮತ್ತು ಎಂಎಂಎಸ್‌ನ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನೀವು ಕೊನೆಯ ಸಲ ಎಂಎಂಎಸ್ ಕಳಿಸಿದ್ದು ಯಾವಾಗ? ನಿಮ್ಮಲ್ಲಿ ಬಹುತೇಕರ ಉತ್ತರ "ಯಾವತ್ತೂ ಇಲ್ಲ" ಅಂತಾನೇ ಇರುತ್ತೆ. ನಮ್ಮಲ್ಲಿ ಆ ಪದ ಉಳಿದದ್ದೇ ಬೇರೆ ಅರ್ಥದಲ್ಲಿ. 2004ರ ನಂತರ ಟಿವಿ ಸುದ್ದಿಯಲ್ಲಿ ಎಂಎಂಎಸ್ ಅಂದ್ರೆ ಹಗರಣ. ಬ್ಲೂಟೂತ್‌ನಲ್ಲೋ ಮೆಮೊರಿ ಕಾರ್ಡ್‌ನಲ್ಲೋ ಹರಿದಾಡಿದ ವಿಡಿಯೋಗೂ ಅದೇ ಹೆಸರು. ಆದರೆ ಎಂಎಂಎಸ್ ಅನ್ನೋದು ಮೂಲತಃ ಫೋಟೊ ಕಳಿಸೋ ಒಂದು ಸಾದಾ ವ್ಯವಸ್ಥೆ. ಪೂರ್ತಿ ಹೆಸರು ಮಲ್ಟಿಮೀಡಿಯಾ ಮೆಸೇಜಿಂಗ್ ಸರ್ವಿಸ್.

ಅಮೆರಿಕದಲ್ಲಿ ಇದು ಇನ್ನೂ ಬದುಕಿದೆ. ಅಲ್ಲಿ ಅಜ್ಜಿ, ಮೊಮ್ಮಕ್ಕಳು, ಆಫೀಸಿನವರು ಎಲ್ಲರೂ ಬಹಳ ವರ್ಷ ಮಾಮೂಲಿ ಮೆಸೇಜ್ ಆ್ಯಪ್‌ನಲ್ಲೇ ಮಾತಾಡಿಕೊಂಡು ಬಂದವರು. ಆ ಆ್ಯಪ್‌ನಲ್ಲಿ ಬೇರೆ ಬೇರೆ ಕಂಪನಿಯ ಫೋನ್‌ಗಳು ಸೇರಿದ ಗ್ರೂಪ್ ಮೆಸೇಜ್ ಇದ್ದರೆ, ಅದು ಹೋಗ್ತಿದ್ದದ್ದು ಎಂಎಂಎಸ್ ಆಗಿ. ಫೋಟೊ ಇಲ್ಲದೆ, ಬರೀ "ಭಾನುವಾರ ಊಟಕ್ಕೆ ಬನ್ನಿ" ಅಂತಿದ್ದರೂ ಸರಿ. ಹಾಗಾಗಿ ನಿಮ್ಮ ಫೋನ್‌ಗೆ ಎಂಎಂಎಸ್ ಬರಲ್ಲ ಅಂದ್ರೆ ಚಿತ್ರ ಮಾತ್ರ ತಪ್ಪೋದಲ್ಲ, ಮನೆಯವರ ಮಾತೇ ತಪ್ಪಿಹೋಗುತ್ತೆ. ಕಳಿಸಿದವರಿಗೆ ಅದು ಗೊತ್ತೂ ಆಗಲ್ಲ.

2020ರ ಜನವರಿಯಲ್ಲಿ ಪೈನ್‌ಫೋನ್ ಅನ್ನೋ ಫೋನಿನ ಮೊದಲ ಬ್ಯಾಚ್ ಜನರ ಕೈಗೆ ಬಂತು. ಬೆಲೆ ಸುಮಾರು 150 ಡಾಲರ್. ಆ್ಯಂಡ್ರಾಯ್ಡ್ ಅಲ್ಲ, ಐಫೋನ್ ಅಲ್ಲ. ಕಂಪ್ಯೂಟರ್‌ನಲ್ಲಿ ಓಡೋ ಮಾಮೂಲಿ ಲಿನಕ್ಸ್ ಅನ್ನೇ ಜೇಬಿಗೆ ಹಾಕಿಕೊಂಡ ಹಾಗೆ. ಅದಕ್ಕೂ ಸ್ವಲ್ಪ ಮೊದಲು, 2019ರ ಸೆಪ್ಟೆಂಬರ್‌ನಲ್ಲಿ ಲಿಬ್ರೆಮ್ 5 ಬರೋಕೆ ಶುರುವಾಗಿತ್ತು. ಈ ಫೋನ್‌ಗಳಲ್ಲಿ ಕರೆ ಹೋಗ್ತಿತ್ತು, ಎಸ್‌ಎಂಎಸ್ ಬರ್ತಿತ್ತು, ಇಂಟರ್‌ನೆಟ್ ನಡೀತಿತ್ತು. ಎಂಎಂಎಸ್ ಮಾತ್ರ ಇಲ್ಲ. ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಓಡಿಸೋ ಯಂತ್ರಕ್ಕೆ ಒಂದು ಫೋಟೊ ಇಳಿಸಿಕೊಳ್ಳೋದು ಯಾಕೆ ಕಷ್ಟ ಆಯ್ತು? ಉತ್ತರಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

ಫೋನ್‌ನಲ್ಲಿ ಫೋಟೊ ಕಳಿಸೋ ಆಸೆ ಎಂಎಂಎಸ್‌ಗಿಂತ ಹಳೇದು. 1997ರ ಜೂನ್ 11ರಂದು ಅಮೆರಿಕದ ಸಾಂತಾ ಕ್ರೂಜ್‌ನಲ್ಲಿ ಫಿಲಿಪ್ ಕಾನ್ ಅನ್ನೋ ಉದ್ಯಮಿ, ತನ್ನ ನವಜಾತ ಮಗಳ ಚಿತ್ರವನ್ನ ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಜೋಡಿಸಿ ಆಸ್ಪತ್ರೆಯಿಂದಲೇ ಹಂಚಿದರು. 2000ದ ನವೆಂಬರ್‌ನಲ್ಲಿ ಜಪಾನಿನ ಜೆ-ಫೋನ್ ಕಂಪನಿ, ಶಾರ್ಪ್ ತಯಾರಿಸಿದ ಕ್ಯಾಮೆರಾ ಫೋನ್ ಮಾರಿತು. ಅದರ ಕ್ಯಾಮೆರಾ 0.11 ಮೆಗಾಪಿಕ್ಸೆಲ್. ಇವತ್ತಿನ ಲೆಕ್ಕದಲ್ಲಿ ತಮಾಷೆ ಅನ್ನಿಸುತ್ತೆ, ಆದ್ರೆ ಜಪಾನ್‌ನಲ್ಲಿ ಅದು ಭಾರಿ ಹಿಟ್ ಆಯ್ತು.

ಇದನ್ನ ನೋಡಿ ಜಗತ್ತಿನ ಮೊಬೈಲ್ ಕಂಪನಿಗಳಿಗೆ ಆಸೆ ಹುಟ್ಟಿತು. ಎಸ್‌ಎಂಎಸ್ ಆಗಲೇ ಚಿನ್ನದ ಗಣಿ. ಅಕ್ಷರಕ್ಕೇ ಇಷ್ಟು ದುಡ್ಡು ಬಂದ್ರೆ ಚಿತ್ರಕ್ಕೆ ಎಷ್ಟು ಬರಬಹುದು! 2002ರಲ್ಲಿ ಯುರೋಪಿನಲ್ಲಿ ಎಂಎಂಎಸ್ ಸೇವೆ ಶುರುವಾಯ್ತು. ನಾರ್ವೆಯ ಟೆಲೆನಾರ್ ಮೊದಲಿಗರಲ್ಲಿ ಒಂದು. ಸೋನಿ ಎರಿಕ್ಸನ್ ಟಿ68ಐ ಫೋನ್‌ಗೆ ಕೆಳಗಡೆ ಕ್ಯಾಮೆರಾ ಸಿಕ್ಕಿಸಬೇಕಿತ್ತು. ನೋಕಿಯಾ 7650ರಲ್ಲಿ ಕ್ಯಾಮೆರಾ ಒಳಗೇ ಇತ್ತು.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ಸ್ವಲ್ಪ ಗಮನ ಕೊಡಿ. ಎಂಎಂಎಸ್ ಅನ್ನ ಕಟ್ಟಿದ್ದು ಇಂಟರ್‌ನೆಟ್ ಮೇಲೆ ಅಲ್ಲ, ಕಂಪನಿಯ ಕಾಂಪೌಂಡಿನ ಒಳಗೆ. ನೀವು ಫೋಟೊ ಕಳಿಸಿದಾಗ ಅದು ನೇರವಾಗಿ ಗೆಳೆಯರಿಗೆ ಹೋಗಲ್ಲ. ಮೊದಲು ನಿಮ್ಮ ಮೊಬೈಲ್ ಕಂಪನಿಯ ಒಂದು ಸರ್ವರ್‌ಗೆ ಹೋಗುತ್ತೆ. ಅದರ ಹೆಸರು ಎಂಎಂಎಸ್‌ಸಿ. ಊರಿನ ಅಂಚೆ ಕಚೇರಿ ಅಂದ್ಕೊಳ್ಳಿ. ಆ ಕಚೇರಿ ಗೆಳೆಯರ ಫೋನ್‌ಗೆ ಒಂದು ಚೀಟಿ ಕಳಿಸುತ್ತೆ: "ನಿಮಗೊಂದು ಪಾರ್ಸೆಲ್ ಬಂದಿದೆ, ಈ ವಿಳಾಸದಲ್ಲಿ ಬಂದು ತಗೊಳ್ಳಿ." ಆ ಚೀಟಿ ಬರೋದು ಕಣ್ಣಿಗೆ ಕಾಣದ ಒಂದು ಎಸ್‌ಎಂಎಸ್ ರೂಪದಲ್ಲಿ. ಫೋನು ಅದನ್ನ ಓದಿ, ಮೊಬೈಲ್ ಡೇಟಾ ಮೂಲಕ ಆ ವಿಳಾಸಕ್ಕೆ ಹೋಗಿ, ಫೋಟೊ ಇಳಿಸಿಕೊಂಡು, "ತಲುಪಿತು" ಅಂತ ವಾಪಸ್ ಸಹಿ ಹಾಕಬೇಕು. ಇಷ್ಟೆಲ್ಲ ಆದ ಮೇಲೆ ನಿಮಗೆ ಟಿಂಗ್ ಅಂತ ಶಬ್ದ.

ಈ ಅಂಚೆ ಕಚೇರಿಯ ಬಾಗಿಲು ಎಷ್ಟೋ ಕಡೆ ಹೊರಗಿನ ಇಂಟರ್‌ನೆಟ್‌ಗೆ ತೆರೆದೇ ಇರಲ್ಲ. ಕಳಿಸುವವರ ನಂಬರ್ ಕೂಡ ಸಾಮಾನ್ಯವಾಗಿ ಫೋನು ಬರೆಯಲ್ಲ. ಆ ಜಾಗ ಖಾಲಿ ಬಿಟ್ಟು "ನೀವೇ ತುಂಬ್ಕೊಳ್ಳಿ" ಅನ್ನುತ್ತೆ. ಮೆಸೇಜು ಕಂಪನಿಯ ಸ್ವಂತ ದಾರಿಯಲ್ಲಿ ಬಂದದ್ದರಿಂದ ಅದು ಯಾರ ಸಿಮ್ ಅಂತ ಕಂಪನಿಗೆ ಗೊತ್ತಿರುತ್ತೆ. ಬಿಲ್ ಹಾಕೋಕೂ ಅದೇ ಅನುಕೂಲ. ಜೊತೆಗೆ ಪ್ರತಿ ಕಂಪನಿಯ ಎಂಎಂಎಸ್‌ಸಿ ವಿಳಾಸ ಬೇರೆ, ಎಪಿಎನ್ ಬೇರೆ, ಪ್ರಾಕ್ಸಿ ಬೇರೆ.

2005ರ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಏರ್‌ಟೆಲ್, ಹಚ್, ಸ್ಪೈಸ್, ಬಿಎಸ್‌ಎನ್‌ಎಲ್ ಸಿಮ್ ಹಾಕಿದವರನ್ನ ಕೇಳಿ ನೋಡಿ. ನಿಮ್ಮ ಅಣ್ಣನೋ ಅಕ್ಕನೋ ಇರಬಹುದು. ಹೊಸ ಸಿಮ್ ಹಾಕಿದರೆ ಜಿಪಿಆರ್‌ಎಸ್, ಎಂಎಂಎಸ್ "ಸೆಟ್ಟಿಂಗ್ಸ್" ಅಂತ ಒಂದು ಮೆಸೇಜ್ ಬರೋದು. ಸೇವ್ ಒತ್ತಬೇಕು. ಬರದಿದ್ರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾಯಬೇಕು. ಆ ಮೆಸೇಜಿನ ಒಳಗೆ ಇದ್ದದ್ದು ಇದೇ ವಿಳಾಸಗಳು. ಅಂಚೆ ಕಚೇರಿ ಎಲ್ಲಿದೆ ಅನ್ನೋದು ಕಂಪನಿ ಹೇಳಿದ್ರೆ ಮಾತ್ರ ಗೊತ್ತಾಗೋ ಗುಟ್ಟು.

ಹಾಗಾದ್ರೆ ಲಿನಕ್ಸ್ ಇರೋ ಫೋನ್‌ಗೆಲ್ಲ ಈ ತೊಂದರೆ ಇತ್ತಾ? ಇಲ್ಲ. ಮೊಟೊರೋಲಾ 2003ರಲ್ಲೇ ಎ760 ಅನ್ನೋ ಲಿನಕ್ಸ್ ಫೋನ್ ತಂದಿತ್ತು. ಆ್ಯಂಡ್ರಾಯ್ಡ್‌ನ ತಳದಲ್ಲಿ ಇರೋದೂ ಲಿನಕ್ಸೇ. ಅವುಗಳ ಹಿಂದೆ ದೊಡ್ಡ ಕಂಪನಿಗಳಿದ್ದವು. ಮೊಬೈಲ್ ಆಪರೇಟರ್‌ಗಳ ಜೊತೆ ಕೂತು ಪರೀಕ್ಷೆ ಮಾಡೋ ಶಕ್ತಿ ಅವಕ್ಕಿತ್ತು. ತೊಂದರೆ ಆದದ್ದು ಆ ಒಪ್ಪಂದದ ಹೊರಗೆ ನಿಂತ ಫೋನ್‌ಗಳಿಗೆ. 2007ರಲ್ಲಿ ಓಪನ್‌ಮೊಕೊ ಯೋಜನೆ ನಿಯೋ 1973 ಅನ್ನೋ ಮುಕ್ತ ಫೋನ್ ತಂದಿತು. ಮೊದಲ ಮೊಬೈಲ್ ಕರೆ ಹೋದ ವರ್ಷದ ಹೆಸರು ಅದಕ್ಕೆ. ಇದೇ ಕನಸಿನ ಒಂದು ಎಳೆ ನಮ್ಮ ಬೆಂಗಳೂರಲ್ಲೂ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಕೂಡ ಲಿನಕ್ಸ್ ಮೇಲೆ ಓಡೋ, ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರ್. 2004ರಲ್ಲಿ ಅದರ ಅಮಿಡಾ ಮಾದರಿ ಮಾರುಕಟ್ಟೆಗೆ ಬಂತು.

2009 ಒಂದು ವಿಚಿತ್ರ ವರ್ಷ. ಐಫೋನ್ 2007ರಲ್ಲಿ ಬಂದಾಗ ಅದರಲ್ಲೂ ಎಂಎಂಎಸ್ ಇರಲಿಲ್ಲ ಅಂದ್ರೆ ನಂಬ್ತೀರಾ? 2009ರ ಜೂನ್‌ನಲ್ಲಿ ಆ್ಯಪಲ್ ಅದನ್ನ ಸೇರಿಸಿತು, ಅಮೆರಿಕದ ಎಟಿ ಆ್ಯಂಡ್ ಟಿ ಗ್ರಾಹಕರಿಗೆ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅದೇ ವರ್ಷದ ಕೊನೆಗೆ ನೋಕಿಯಾ ಎನ್900 ಬಂತು. ಲಿನಕ್ಸ್ ಪ್ರಿಯರ ಕಣ್ಮಣಿ. ಅದರಲ್ಲೂ ಎಂಎಂಎಸ್ ಇಲ್ಲ! ಕೊನೆಗೆ ಸ್ವಯಂಸೇವಕರೊಬ್ಬರು ಎಫ್‌ಎಂಎಂಎಸ್ ಅನ್ನೋ ಪುಟ್ಟ ಆ್ಯಪ್ ಬರೆದು ಕೊಟ್ಟರು. ಜಗತ್ತಿನ ಅತಿದೊಡ್ಡ ಫೋನ್ ಕಂಪನಿ ಬಿಟ್ಟುಬಿಟ್ಟ ಕೆಲಸ ಬಳಕೆದಾರರ ಕೈಯಿಂದ ಆಯ್ತು.

2009ರಲ್ಲೇ ಇಂಟೆಲ್ ಮತ್ತು ನೋಕಿಯಾ ಸೇರಿ ಓಫೋನೊ ಅನ್ನೋ ಮುಕ್ತ ತಂತ್ರಾಂಶ ಘೋಷಿಸಿದವು. ಫೋನಿನ ಮೋಡೆಮ್ ಜೊತೆ ಮಾತಾಡೋದು ಅದರ ಕೆಲಸ. ಅದರ ಜೊತೆಜೊತೆಗೆ ಎಂಎಂಎಸ್‌ಡಿ ಅನ್ನೋ ಪ್ರೋಗ್ರಾಂ ಬೆಳೆಯಿತು, ಎಂಎಂಎಸ್ ಕೆಲಸಕ್ಕೇ ಅಂತ. ಆದ್ರೆ 2011ರ ಫೆಬ್ರುವರಿಯಲ್ಲಿ ನೋಕಿಯಾ ವಿಂಡೋಸ್ ಫೋನ್ ಕಡೆ ಹೊರಳಿತು. ಲಿನಕ್ಸ್ ಫೋನಿನ ಆ ಅಧ್ಯಾಯ ಹೆಚ್ಚುಕಡಿಮೆ ಮುಗೀತು. ಕೋಡ್ ಮಾತ್ರ ಮುಕ್ತವಾಗಿತ್ತಲ್ಲ, ಅಳಿಸಿಹೋಗಲಿಲ್ಲ. ಅಟ್ಟದ ಮೇಲೆ ಇಟ್ಟ ಪಾತ್ರೆ ಹಾಗೆ ಉಳಿದುಕೊಂಡಿತು.

ಪೈನ್‌ಫೋನ್, ಲಿಬ್ರೆಮ್ 5 ಬಂದಾಗ ಆ ಪಾತ್ರೆ ಮತ್ತೆ ಕೆಳಗಿಳಿಯಿತು. ಈ ಫೋನ್‌ಗಳಲ್ಲಿ ಹೆಚ್ಚಾಗಿ ಓಫೋನೊ ಬದಲು ಮೋಡೆಮ್‌ಮ್ಯಾನೇಜರ್ ಇತ್ತು. ಹಾಗಾಗಿ 2021ರಲ್ಲಿ ಹಳೆಯ ಎಂಎಂಎಸ್‌ಡಿಯನ್ನ ಬಿಚ್ಚಿ, ಹೊಸದಕ್ಕೆ ಹೊಂದಿಸಿ, ಎಂಎಂಎಸ್‌ಡಿ-ಟಿಎನ್‌ಜಿ ಅಂತ ರೂಪಿಸಲಾಯ್ತು. ಚ್ಯಾಟಿ ಅನ್ನೋ ಮೆಸೇಜ್ ಆ್ಯಪ್ ಅದನ್ನ ಬಳಸೋಕೆ ಶುರು ಮಾಡಿತು. ಆಗ ಜನ ಒಂದೊಂದೇ ಗಂಟು ಬಿಚ್ಚಬೇಕಾಯ್ತು. ಆ ಗಂಟುಗಳನ್ನ ನೋಡಿದ್ರೆ ಇಡೀ ಇತಿಹಾಸ ಅದರಲ್ಲೇ ಕಾಣುತ್ತೆ.

ಮೊದಲ ಗಂಟು: ಎಸ್‌ಎಂಎಸ್ ಬರುತ್ತೆ, ಫೋಟೊ ಬರಲ್ಲ. ಅಂದ್ರೆ ಚೀಟಿ ಬಂದಿದೆ, ಅಂಚೆ ಕಚೇರಿಯ ದಾರಿ ಗೊತ್ತಿಲ್ಲ. ಎಂಎಂಎಸ್‌ಸಿ ವಿಳಾಸ, ಎಪಿಎನ್, ಪ್ರಾಕ್ಸಿ ಮೂರೂ ಸರಿ ಇದೆಯಾ ನೋಡಬೇಕು. ಇದಕ್ಕೆ ಅಂತಲೇ ಗ್ನೋಮ್ ಬಳಗ ಒಂದು ಮುಕ್ತ ಪಟ್ಟಿ ಇಟ್ಟುಕೊಂಡಿದೆ. ದೇಶ ದೇಶದ ಮೊಬೈಲ್ ಕಂಪನಿಗಳ ಸೆಟ್ಟಿಂಗ್ಸ್ ಅದರಲ್ಲಿವೆ, ನಮ್ಮ ದೇಶದ ಕಂಪನಿಗಳದ್ದೂ ಇದೆ. ಜನ ತಾವೇ ಕಂಡುಕೊಂಡು ತುಂಬಿದ ವಿಳಾಸ ಪುಸ್ತಕ ಅದು.

ಎರಡನೇ ಗಂಟು: ವೈಫೈ ಆಫ್ ಮಾಡಿದ್ರೆ ಫೋಟೊ ಬರುತ್ತೆ, ಆನ್ ಇದ್ರೆ ಇಲ್ಲ. ವೈಫೈ ಇದ್ದಾಗ ಫೋನು ಎಲ್ಲದಕ್ಕೂ ಅದೇ ದಾರಿ ಹಿಡಿಯುತ್ತೆ. ಮೊಬೈಲ್ ಕಂಪನಿಯ ಒಳಗಿನ ವಿಳಾಸ ವೈಫೈ ದಾರಿಯಲ್ಲಿ ಸಿಗೋದೇ ಇಲ್ಲ. ಎಂಎಂಎಸ್ ಮಾತ್ರ ಮೊಬೈಲ್ ಡೇಟಾ ಮೂಲಕವೇ ಹೋಗಬೇಕು, ವಿಳಾಸವನ್ನೂ ಆ ದಾರಿಯಲ್ಲೇ ಕೇಳಬೇಕು. ಹಾಗೆ ಕಟ್ಟುನಿಟ್ಟು ಮಾಡಿದ ಮೇಲೆ ಈ ತೊಂದರೆ ತೀರಿತು.

ಮೂರನೇ ಗಂಟು: ಬರುತ್ತೆ, ಆದ್ರೆ ಕಳಿಸೋಕೆ ಆಗಲ್ಲ. ಇದು ಅನೇಕ ಸಲ ಗಾತ್ರದ ಸಮಸ್ಯೆ. ಹಳೆಯ ಮಾನದಂಡದಲ್ಲಿ ಎಂಎಂಎಸ್‌ನ ದರ್ಜೆಗಳು 30 ಕೆಬಿ, 100 ಕೆಬಿ, 300 ಕೆಬಿ. ಇವತ್ತಿನ ಕ್ಯಾಮೆರಾದ ಒಂದು ಫೋಟೊ ಹಲವು ಎಂಬಿ. ಕಂಪನಿಯ ಮಿತಿ ಎಷ್ಟೋ ಅಷ್ಟಕ್ಕೆ ಚಿತ್ರವನ್ನ ಕುಗ್ಗಿಸಿಯೇ ಕಳಿಸಬೇಕು.

ನಾಲ್ಕನೇದು: ಒಂದೇ ಚೀಟಿ ಮತ್ತೆ ಮತ್ತೆ ಬರೋದು. "ತಲುಪಿತು" ಅನ್ನೋ ಸಹಿ ವಾಪಸ್ ಹೋಗದಿದ್ದರೆ ಅಂಚೆ ಕಚೇರಿ ಬಿಡಲ್ಲ. ಐದನೇದು: ಫೋನು ನಿದ್ದೆಯಲ್ಲಿದ್ದಾಗ ಚೀಟಿ ಬಂದು, ಎದ್ದು ಡೇಟಾ ಜೋಡಿಸೋಷ್ಟರಲ್ಲಿ ಪ್ರಯತ್ನ ಸೋತುಹೋಗೋದು. ಆಗ ಮತ್ತೆ ಪ್ರಯತ್ನಿಸೋ ಬುದ್ಧಿಯನ್ನ ಪ್ರೋಗ್ರಾಂಗೆ ಕಲಿಸಬೇಕು.

ಗಮನಿಸಿದ್ರಾ? ಐದರಲ್ಲಿ ಮೊದಲ ಮೂರು ಗಂಟುಗಳಿಗೆ ಮೂಲ 2002ರ ತೀರ್ಮಾನಗಳು. ವಿಳಾಸ ಗುಟ್ಟಾಗಿರಬೇಕು, ದಾರಿ ಕಂಪನಿಯದ್ದೇ ಆಗಿರಬೇಕು, ಅಳತೆ ಕಂಪನಿ ಹೇಳಿದಷ್ಟೇ ಇರಬೇಕು. ಆಗ ಅದಕ್ಕೆ ಕಾರಣಗಳೂ ಇದ್ದವು. ನೆಟ್‌ವರ್ಕ್ ನಿಧಾನ, ಫೋನಿನ ಶಕ್ತಿ ಕಡಿಮೆ, ಬಿಲ್ ಹಾಕೋಕೆ ಬೇರೆ ದಾರಿ ಇರಲಿಲ್ಲ. ಕಾರಣಗಳು ಹೋದವು, ಗೋಡೆ ಉಳಿಯಿತು.

ನಮ್ಮಲ್ಲಿ ಈ ಗೋಡೆಯನ್ನ ಯಾರೂ ಒಡೆಯಲಿಲ್ಲ, ಪಕ್ಕದಿಂದ ದಾಟಿಹೋದ್ವಿ. ಹಬ್ಬದ ದಿನ ಎಸ್‌ಎಂಎಸ್ ಪ್ಯಾಕ್ ನಡೆಯಲ್ಲ ಅಂತ ಕಂಪನಿಗಳು ದುಡ್ಡು ಕೀಳ್ತಿದ್ದ ಕಾಲದಲ್ಲಿ ವಾಟ್ಸ್‌ಆ್ಯಪ್ ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು. ಎಂಎಂಎಸ್ ಕಥೆ ಅಲ್ಲಿಗೆ ಮುಗೀತು, ಒಳ್ಳೇದೇ ಆಯ್ತು ಅನ್ನಬಹುದು. ಆದ್ರೆ ಒಂದು ವ್ಯತ್ಯಾಸ ಯೋಚಿಸಿ. ಎಂಎಂಎಸ್ ಎಷ್ಟೇ ಗೋಜಲಾಗಿರಲಿ, ಅದರ ನಿಯಮ ಬರೆದಿಟ್ಟ ಪುಸ್ತಕ ಬಹಿರಂಗವಾಗಿತ್ತು. ಅದಕ್ಕೇ ಹತ್ತಾರು ವರ್ಷದ ನಂತರ, ಯಾರ ಅನುಮತಿಯನ್ನೂ ಕೇಳದೆ, ಕೆಲವರು ಸೇರಿ ಅದನ್ನ ಹೊಸ ಫೋನ್‌ನಲ್ಲಿ ನಡೆಯೋ ಹಾಗೆ ಮಾಡೋಕೆ ಆಯ್ತು. ವಾಟ್ಸ್‌ಆ್ಯಪ್ ಯಾವ ಫೋನ್‌ನಲ್ಲಿ ನಡೀಬೇಕು, ಯಾವುದರಲ್ಲಿ ನಿಲ್ಲಬೇಕು ಅನ್ನೋದನ್ನ ಒಂದೇ ಕಂಪನಿ ತೀರ್ಮಾನಿಸುತ್ತೆ. ಹಳೆಯ ಫೋನ್ ಇಟ್ಟುಕೊಂಡವರು ಆ ನೋಟಿಸ್ ನೋಡಿರ್ತೀರಿ.

ಮುಂದಿನ ಸಲ ಮನೆಯ ಗ್ರೂಪ್‌ನಲ್ಲಿ ಫೋಟೊ ಬಂದಾಗ ಒಮ್ಮೆ ಕೇಳ್ಕೊಳ್ಳಿ: ಇದು ಯಾರ ಬಾಗಿಲಿನಿಂದ ಬಂತು, ಆ ಬಾಗಿಲು ನಾಳೆ ಮುಚ್ಚಿದ್ರೆ ಇನ್ನೊಂದು ಮಾಡ್ಕೊಳ್ಳೋಕೆ ನಮಗೆ ದಾರಿ ಇದೆಯಾ? ನಿಮ್ಮ ಉತ್ತರವನ್ನ ನಮಗೂ ಬರೆದು ಕಳಿಸಿ. ಮತ್ತೆ ಸಿಗೋಣ.