ರೇಡಿಯೊ ಯಾವ ಕಡೆ ತಿರುಗಿಸಿ ಇಡಬೇಕು?

ಬ್ಲೂಟೂತ್ ಸ್ಪೀಕರ್ ಮನೇಲಿ ಎಲ್ಲಿಡೋದು ಅಂತ ನೀವೂ ಒಮ್ಮೆ ತಲೆ ಕೆಡಿಸ್ಕೊಂಡಿರ್ತೀರಿ. ಮೂಲೆಗಿಟ್ಟರೆ ಬೇಸ್ ಗುಂಯ್ ಅನ್ನುತ್ತೆ, ಗೋಡೆಯಿಂದ ಸ್ವಲ್ಪ ಮುಂದೆ ತಂದರೆ ಮಾತು ಸ್ಪಷ್ಟವಾಗುತ್ತೆ. ಆದರೆ ಬೀದರ್ ಸೀಮೆಯಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆ ಬರೀ ಸೌಂಡ್‌ದಾಗಿರಲಿಲ್ಲ, ಭಾಷೆಯದೂ ಆಗಿತ್ತು. ಇವತ್ತಿನ ಮಾತು ಅದರದ್ದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬೀದರ್, ಭಾಲ್ಕಿ, ಔರಾದ್ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಆಡಳಿತ ಉರ್ದು, ಶಾಲೆಯೂ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ದು ಆಗಲೇ. ರೇಡಿಯೊ ಅಂದ್ರೆ ಹೈದರಾಬಾದಿನ ಡೆಕ್ಕನ್ ರೇಡಿಯೊ. 1948ರ ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮದ ಮಾತಾಡಿದ್ದೂ ರೇಡಿಯೊದಲ್ಲೇ. 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. 1956ರ ನವೆಂಬರ್ 1ಕ್ಕೆ ಹಳೆಯ ಬೀದರ್ ಜಿಲ್ಲೆ ಹರಿದು ಹಂಚಿಹೋಯಿತು: ಉದಗೀರ್ ಬಾಂಬೆ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ, ನಾವು ಮೈಸೂರು ರಾಜ್ಯಕ್ಕೆ. ಕಲಬುರಗಿ ಆಕಾಶವಾಣಿ ಶುರುವಾಗಿದ್ದು ಮಾತ್ರ 1966ರಲ್ಲಿ. ಅಂದ್ರೆ ರಾಜ್ಯ ಬದಲಾದ ಹತ್ತು ವರ್ಷಕ್ಕೆ ನಮ್ಮ ಭಾಗದ್ದೇ ಒಂದು ಕನ್ನಡ ಸ್ಟೇಷನ್ ಬಂತು.

ಭಾಲ್ಕಿಯಲ್ಲಿ ನಮ್ಮ ಮುತ್ಯಾ ಒಂದು ಟ್ರಾನ್ಸಿಸ್ಟರ್ ತಂದು ಪಡಸಾಲಿಯ ಗೋಡೆಯ ಮಾಡದೊಳಗೆ ಇಟ್ಟಿದ್ದರಂತೆ. ಹೈದರಾಬಾದ್ ಗಂಟೆ ಹೊಡೆದಂಗೆ ಬರ್ತಿತ್ತು. ಅದಕ್ಕಿಂತ ಹತ್ತಿರದ ಕಲಬುರಗಿ ಮಾತ್ರ ಪಿಸುಪಿಸು. ಮುತ್ಯಾ ಉರ್ದು ಓದಿದವರು. "ಕಲಬುರಗಿ ಸ್ಟೇಷನ್‌ದಾಗ ದಮ್ಮೇ ಇಲ್ಲ" ಅಂತ ತೀರ್ಪು ಕೊಟ್ಟುಬಿಟ್ಟರು.

ದಮ್ಮಿನ ಪ್ರಶ್ನೆ ಅಲ್ಲ ಅದು. ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಒಳಗೆ ಡಬ್ಬಿಯ ಉದ್ದಕ್ಕೆ ಒಂದು ಫೆರೈಟ್ ಕಡ್ಡಿ ಇರುತ್ತೆ, ತಂತಿ ಸುತ್ತಿದ್ದು. ಅದೇ ಆ್ಯಂಟೆನಾ. ಕಡ್ಡಿ ಸ್ಟೇಷನ್ನಿಗೆ ಅಡ್ಡವಾಗಿದ್ದರೆ ದನಿ ಜೋರು, ಕಡ್ಡಿಯ ತುದಿ ಸ್ಟೇಷನ್ ಕಡೆ ಇದ್ದರೆ ಕ್ಷೀಣ. ಈಗ ಫೋನಲ್ಲಿ ಮ್ಯಾಪ್ ತೆರೀರಿ. ಭಾಲ್ಕಿಯಿಂದ ಹೈದರಾಬಾದ್ ಆಗ್ನೇಯಕ್ಕೆ, ಕಲಬುರಗಿ ನೈರುತ್ಯಕ್ಕೆ. ನಡುವಿನ ಕೋನ ಹೆಚ್ಚುಕಡಿಮೆ 90 ಡಿಗ್ರಿ! ಬೀದರ್‌ನಿಂದ, ಔರಾದ್‌ನಿಂದ ನೋಡಿದರೂ ಸ್ವಲ್ಪ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಒಂದು ಊರು ಚೆಂದ ಕೇಳೋ ಹಂಗೆ ರೇಡಿಯೊ ಇಟ್ಟರೆ, ಕಡ್ಡಿಯ ತುದಿ ಇನ್ನೊಂದು ಊರಿಗೆ. ಮುತ್ಯಾನ ಮಾಡ ಮಾಡಿದ್ದು ಇದನ್ನೇ.

ನಮ್ಮ ಆಯಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಓದೂ ಬರ್ತಿರಲಿಲ್ಲ. ಪೇಪರ್ ಉರ್ದುವಿನದಿರಲಿ ಕನ್ನಡದ್ದಿರಲಿ, ಆಕೆಗೆ ಎರಡೂ ಒಂದೇ. ಹೊರಗಿನ ಜಗತ್ತು ಕನ್ನಡದಲ್ಲಿ ಮನೆಯೊಳಗೆ ಬರೋ ದಾರಿ ಅಂದ್ರೆ ಆ ಡಬ್ಬಿ ಒಂದೇ. ಒಂದಿನ ಧೂಳು ಒರೆಸೋಕೆ ಮಾಡದಿಂದ ಇಳಿಸಿ, ಅಡುಗೆಮನೆ ಬಾಗಿಲ ಹತ್ತಿರ ಸ್ಟೂಲ್ ಮೇಲೆ ಅಡ್ಡ ಇಟ್ಟಳಂತೆ. ಕಲಬುರಗಿ ಮಾತಾಡಿತು.

ಮುತ್ಯಾ ಸಂಜೆ ಬಂದು, "ಇದನ್ನ ಯಾರು ಸರಿಸಿದ್ರು?" ಅಂದರೆ ಆಯಿ ಅಂದಿದ್ದು ಇಷ್ಟೇ: "ಇಲ್ಲೇ ಇರಲಿ ಬಿಡ್ರಿ. ನಿಮಗ ಬೇಕಾದಾಗ ತಿರುಗಿಸ್ಕೋರಿ."

ಆಮೇಲೆ ಅದು ಮಾಡಕ್ಕೆ ವಾಪಸ್ ಹೋಗಲೇ ಇಲ್ಲ. ಉರ್ದು ಸುದ್ದಿಗೆ ಮುತ್ಯಾ ಒಂದು ಕಡೆ ತಿರುಗಿಸೋರು, ಉಳಿದ ಹೊತ್ತು ಆಯಿ ಇನ್ನೊಂದು ಕಡೆ. ಸ್ಟೂಲ್ ಮೇಲೆ ಡಬ್ಬಿ ತಿರುಗಿದ ಗೀರು ಬಿದ್ದಿತ್ತು, ನಾನೇ ನೋಡೀನಿ.

ನಿಮ್ಮ ಮನೆ ಅಟ್ಟದಲ್ಲೂ ಹಳೇ ಟ್ರಾನ್ಸಿಸ್ಟರ್ ಇದ್ರೆ, ಸೆಲ್ ಹಾಕಿ ಮೀಡಿಯಂ ವೇವ್ ಹಚ್ಚಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ನೋಡ್ರಿ. ಎಲ್ಲಿ ಯಾರ ದನಿ ಏಳುತ್ತೆ, ಯಾರದ್ದು ಅಡಗುತ್ತೆ ಅಂತ ಕಿವಿಗೇ ಗೊತ್ತಾಗುತ್ತೆ. ಮುಂದಿನ ವಾರ ಸಿಗೋಣ.