ಬೆರಳಿಲ್ಲದ ಕೈಗವಸು ಮತ್ತು ನಾನು ಅರ್ಧವೇ ಕಲಿಸಿದ ಒಂದು ಪಾಠ

ಕಳೆದ ಮಾಗಿಯಲ್ಲಿ ನಮ್ಮ ಅಕ್ಕ ಮನೆಗೆ ಬಂದಿದ್ದಾಗ ಬೆರಳಿಲ್ಲದ ಕೈಗವಸುಗಳನ್ನು ಹೆಣೆಯುತ್ತಿದ್ದರು. ಕೈಗವಸೆಂದರೆ ನಾಲ್ಕೈದು ಕಡ್ಡಿಗಳಲ್ಲಿ ಕೊಳವೆಯಂತೆ ಸುತ್ತಿ ಹೆಣೆಯುವಂಥದು ಎಂದು ನಾನು ತಿಳಿದಿದ್ದೆ. ಅಕ್ಕನ ಕೈಯಲ್ಲಿದ್ದುದು ಎರಡೇ ಕಡ್ಡಿ. ಮಣಿಕಟ್ಟಿನಿಂದ ಬೆರಳ ಬುಡದವರೆಗಿನ ಉದ್ದಕ್ಕೆ ಕುಣಿಕೆಗಳನ್ನು ಏರಿಸಿ, ಕೈಯ ಸುತ್ತಳತೆ ಬರುವವರೆಗೆ ಸಾಲಿನ ಮೇಲೆ ಸಾಲು ಹೆಣೆದು, ಚಪ್ಪಟೆಯಾದ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಅದನ್ನು ಮಡಿಸಿ ಅಂಚಿಗೆ ಅಂಚು ಸೇರಿಸಿ ಹೊಲಿದರು. ಹೆಬ್ಬೆರಳು ತೂರುವಷ್ಟು ಜಾಗವನ್ನು ಮಾತ್ರ ಹೊಲಿಯದೆ ಬಿಟ್ಟರು. ಅಷ್ಟೇ! ಕ್ರೋಶಾ ಕಡ್ಡಿಯಲ್ಲಿಯೂ ಹೀಗೆಯೇ ಮಾಡಬಹುದಂತೆ.

ಇಷ್ಟು ಸುಲಭವೇ ಎಂದು ನಾನೂ ಒಂದು ಹಳೆಯ ಸ್ವೆಟರಿನ ತೋಳನ್ನು ಕತ್ತರಿಸಿ, ಹೆಬ್ಬೆರಳಿಗೊಂದು ತೂತು ಮಾಡಿದೆ. ಎರಡು ದಿನದಲ್ಲಿ ಕತ್ತರಿಸಿದ ಕಡೆಯಿಂದ ಕುಣಿಕೆಗಳೆಲ್ಲ ಬಿಚ್ಚಿಕೊಂಡವು. "ಅಂಚಿಲ್ಲದ ಕಡೆ ಕತ್ತರಿ ಹಾಕಿದರೆ ಇನ್ನೇನಾಗುತ್ತದೋ?" ಎಂದು ಅಕ್ಕ ನಕ್ಕರು.

ಆ ಮಾತು ನನ್ನನ್ನು ಹಳೆಯ ತರಗತಿಗೆ ಕೊಂಡೊಯ್ದಿತು. ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ, "ಯಂತ್ರಗಳಿಂದ ಕೆಲಸ ಹೋಗುವುದೆಂದು ಹೆದರಿ ಕಾರ್ಮಿಕರು ಅವುಗಳನ್ನು ಒಡೆದರು; ಅವರೇ ಲುಡೈಟರು" ಎಂದು ಒಂದೇ ವಾಕ್ಯದಲ್ಲಿ ಬರೆಸುತ್ತಿದ್ದೆನಲ್ಲವೆ? ಆ ವಾಕ್ಯ ಅರ್ಧ ಮಾತ್ರ ನಿಜ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದನು. ಅದು ಕೊಳವೆಯನ್ನು ಹೆಣೆಯಲಾರದು. ಅಕ್ಕನ ಎರಡು ಕಡ್ಡಿಗಳಂತೆ ಚಪ್ಪಟೆ ಪಟ್ಟಿಯನ್ನೇ ಹೆಣೆಯುವುದು. ನುರಿತ ಕೆಲಸಗಾರನು ಕುಣಿಕೆಗಳನ್ನು ಅಲ್ಲಲ್ಲಿ ಹೆಚ್ಚಿಸಿ, ಕುಗ್ಗಿಸಿ ಪಟ್ಟಿಗೆ ಕಾಲಿನ ಆಕಾರ ಕೊಡುತ್ತಿದ್ದನು. ಪಟ್ಟಿಯ ಎರಡು ಬದಿಗೂ ಗಟ್ಟಿ ಅಂಚಿರುತ್ತಿದ್ದುದರಿಂದ ಹೊಲಿಗೆ ಬಾಳುತ್ತಿತ್ತು. ಕಾಲುಚೀಲವಷ್ಟೇ ಅಲ್ಲದೆ ಕೈಗವಸುಗಳೂ ಬೆರಳಿಲ್ಲದ ಗವಸುಗಳೂ ಇಂತಹ ಯಂತ್ರಗಳಲ್ಲಿ ತಯಾರಾದವು. ಇನ್ನೂರಕ್ಕೂ ಹೆಚ್ಚು ವರ್ಷ ಸಾವಿರಾರು ಕುಟುಂಬಗಳು ಇದನ್ನು ನಂಬಿ ಬದುಕಿದವು. ಯಂತ್ರವೆಂದರೆ ಅವರಿಗೆ ಭಯವಿರಲಿಲ್ಲ. ಅದು ಅವರ ಅನ್ನವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲವು ವರ್ತಕರು ಅಗಲವಾದ ಯಂತ್ರಗಳಲ್ಲಿ ಆಕಾರವಿಲ್ಲದ ದೊಡ್ಡ ಹಾಸುಗಳನ್ನು ಹೆಣೆಸಿ, ಕತ್ತರಿಯಿಂದ ತುಂಡರಿಸಿ, ಕಾಲುಚೀಲ, ಕೈಗವಸುಗಳನ್ನಾಗಿ ಹೊಲಿಸತೊಡಗಿದರು. ಅಂಚಿಲ್ಲದ ಆ ಮಾಲು ನನ್ನ ಸ್ವೆಟರಿನಂತೆ ಬೇಗನೆ ಬಿಚ್ಚಿಹೋಗುತ್ತಿತ್ತು. ಆದರೆ ಅಗ್ಗ. ಅದರಿಂದ ಒಳ್ಳೆಯ ಮಾಲಿನ ಬೆಲೆಯೂ ಹೆಸರೂ ಕುಸಿದವು, ಕೂಲಿ ಇಳಿಯಿತು. ಮೇಲಾಗಿ ಬಹುಪಾಲು ಯಂತ್ರಗಳು ಕೆಲಸಗಾರರವಲ್ಲ. ಅವುಗಳಿಗೆ ವಾರವಾರವೂ ಬಾಡಿಗೆ ತೆರಬೇಕಾಗಿತ್ತು.

1811ರ ಮಾರ್ಚಿಯಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಆರ್ನಾಲ್ಡ್ ಗ್ರಾಮದಲ್ಲಿ ಯಂತ್ರಗಳನ್ನು ಒಡೆಯುವುದು ಮೊದಲಾಯಿತು. ಆ ಸೀಮೆಯಲ್ಲಿ ಅವರು ಕಂಡ ಕಂಡ ಯಂತ್ರಗಳನ್ನೆಲ್ಲ ಒಡೆಯಲಿಲ್ಲ. ಕತ್ತರಿ ಮಾಲು ಹೆಣೆಯುವ, ಕೂಲಿ ಕಡಿಮೆ ಕೊಡುವವರ ಯಂತ್ರಗಳನ್ನು ಆರಿಸಿ ಒಡೆದು, ಉಳಿದವನ್ನು ಮುಟ್ಟದೆ ಬಿಟ್ಟ ಸಂದರ್ಭಗಳು ಅನೇಕ.

ಸರ್ಕಾರವು 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯಿದೆ ತಂದಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ತನ್ನ ಮೊದಲ ಭಾಷಣವನ್ನೇ ಈ ಮಸೂದೆಯ ವಿರುದ್ಧ ಮಾಡಿದನು, ಪ್ರಯೋಜನವಾಗಲಿಲ್ಲ. ಅದೇ ವರ್ಷ ಗ್ರೇವನರ್ ಹೆನ್ಸನ್ ಎಂಬ ಹೆಣಿಗೆಯವನ ನಾಯಕತ್ವದಲ್ಲಿ ಕೆಲಸಗಾರರು ನ್ಯಾಯವಾದ ದಾರಿಯನ್ನೂ ಹಿಡಿದರು: ಕಸುಬಿನಲ್ಲಿ ನಡೆಯುವ ಮೋಸಗಳನ್ನು ತಡೆಯಲು ಕಾನೂನು ಬೇಕೆಂದು ಸಂಸತ್ತಿಗೆ ಮೊರೆಯಿಟ್ಟರು. ಸಾಮಾನ್ಯರ ಸಭೆ ಒಪ್ಪಿದ ಆ ಮಸೂದೆಯನ್ನು ಪ್ರಭುಗಳ ಸಭೆ ತಳ್ಳಿಹಾಕಿತು.

ಇಂದು ಹೊಸ ತಂತ್ರಜ್ಞಾನಕ್ಕೆ ಹೆದರುವವರನ್ನು ಹಂಗಿಸಲು "ಲುಡೈಟ್" ಎನ್ನುತ್ತಾರೆ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ನಾನು ಬರೆಸಿದ ಆ ವಾಕ್ಯವನ್ನು ನೀವಾದರೂ ಪೂರ್ತಿ ಮಾಡಿ ಕಲಿಸಿ. ಅವರು ಒಡೆದದ್ದು ಯಂತ್ರವನ್ನೇ ಆದರೂ ಅವರ ಜಗಳವಿದ್ದದ್ದು ಕತ್ತರಿ ಹಿಡಿದವನೊಡನೆ.

ಅಕ್ಕನ ಕೈಗವಸುಗಳನ್ನು ತೊಟ್ಟೇ ಇದನ್ನು ಬರೆಯುತ್ತಿದ್ದೇನೆ. ಬೆರಳುಗಳು ಕೀಲಿಮಣೆಯ ಮೇಲೆ ಸಲೀಸಾಗಿ ಆಡುತ್ತಿವೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ.