ಗಾಡಿಯಲ್ಲೇ ಲ್ಯಾಪ್‌ಟಾಪ್ ಚಾರ್ಜ್: ಕೊಳ್ಳುವ ಮುಂಚೆ ಚಾರ್ಜರ್ ನೋಡಿ

ಗೂಳೂರು: ಸಂತೆ, ಜಾತ್ರೆ ಅಂತ ಗೂಡ್ಸ್ ಗಾಡಿಯಲ್ಲಿ ಸರಕು ತುಂಬಿಕೊಂಡು ಸುತ್ತುವ ವ್ಯಾಪಾರಿಗಳಿಗೂ, ಕುಣಿಗಲ್ ಮೇಲೆ ಹಾಸನ, ಧರ್ಮಸ್ಥಳದ ಕಡೆ ಕಾರಿನಲ್ಲಿ ಹೊರಡುವ ಕುಟುಂಬಗಳಿಗೂ ಈಗ ದಾರಿಯಲ್ಲೇ ಲ್ಯಾಪ್‌ಟಾಪ್ ಬೇಕಾಗುತ್ತದೆ. ಬಿಲ್ ಹಾಕಬೇಕು, ಸ್ಟಾಕ್ ಲೆಕ್ಕ ನೋಡಬೇಕು, ಮಕ್ಕಳ ಅರ್ಜಿ ತುಂಬಬೇಕು. ಆದರೆ ಕೊಳ್ಳುವಾಗ ಎಲ್ಲರೂ ರೇಟು, ಸ್ಕ್ರೀನ್ ನೋಡ್ತಾರೆ. ಚಾರ್ಜರ್ ನೋಡುವವರು ಕಡಿಮೆ. ಗಾಡಿಯಲ್ಲಿ ಬಳಸುವವರು ಮೊದಲು ನೋಡಬೇಕಾದ್ದೇ ಅದು.

ಯಾವುದು ಕೊಳ್ಳಬೇಕು?

ಟೈಪ್-ಸಿ ಪೋರ್ಟ್‌ನಿಂದ ಚಾರ್ಜ್ ಆಗುವ, 45 ಅಥವಾ 65 ವ್ಯಾಟ್ ಚಾರ್ಜರ್ ಸಾಕಾಗುವ ಲ್ಯಾಪ್‌ಟಾಪ್ ಆರಿಸಿ. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತೆ ಅಂತಲ್ಲ. ಅಂಗಡಿಯಲ್ಲೇ ಚಾರ್ಜರ್ ಚುಚ್ಚಿಸಿ ನೋಡಿ. 8 ಜಿಬಿ ರ‍್ಯಾಮ್ ಇರಲಿ. ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇರುತ್ತದೆ, ಗಾಡಿಯ ಕುಲುಕಾಟಕ್ಕೆ ಕೆಡಬಹುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಮನಿಸಿ: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸರಿಯಾಗಿ ನಡೆಯಲು ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ, ಬ್ಯಾಟರಿ ಎಷ್ಟು ಇಳಿಯಿತು ನೋಡಿ.

ಅಂಗಡಿಗೆ ಅಂತ ಹೊಸದು ಕೊಳ್ಳುವವರು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಪಡೆಯಿರಿ. ಕಟ್ಟಿದ 18% ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೋರಿಸಬಹುದು. ಕಾಂಪೊಸಿಷನ್‌ನಲ್ಲಿ ಇರುವವರಿಗೆ ಇದು ಸಿಗುವುದಿಲ್ಲ.

ಗಾಡಿಯಿಂದ ಕರೆಂಟ್ ಹೇಗೆ?

ಡ್ಯಾಶ್‌ಬೋರ್ಡ್‌ನ 12 ವೋಲ್ಟ್ ಸಾಕೆಟ್‌ಗೆ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸ್ ಇರುತ್ತದೆ. 10 ಆಂಪಿಯರ್ ಅಂದರೆ 120 ವ್ಯಾಟ್. 65 ವ್ಯಾಟ್‌ನ ಟೈಪ್-ಸಿ ಕಾರ್ ಚಾರ್ಜರ್‌ಗೆ ಇಷ್ಟು ಧಾರಾಳ ಸಾಕು. ಮೊಬೈಲ್‌ನ ಸಣ್ಣ ಕಾರ್ ಚಾರ್ಜರ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುವುದಿಲ್ಲ, ಆದರೂ ತುಂಬಾ ನಿಧಾನ.

ಹಳೇ ಲ್ಯಾಪ್‌ಟಾಪ್‌ನ ದುಂಡು ಪಿನ್‌ಗೆ ಸರಿಹೊಂದುವ ಕಾರ್ ಚಾರ್ಜರ್ ಸಿಗದಿದ್ದರೆ ಮಾತ್ರ ಇನ್ವರ್ಟರ್. ಅದು 12 ವೋಲ್ಟನ್ನು 230ಕ್ಕೆ ಏರಿಸುತ್ತದೆ, ಲ್ಯಾಪ್‌ಟಾಪ್ ಚಾರ್ಜರ್ ಮತ್ತೆ 20ರ ಆಸುಪಾಸಿಗೆ ಇಳಿಸುತ್ತದೆ. ಎರಡು ಕಡೆಯೂ ಕರೆಂಟ್ ನಷ್ಟ. ಲಾರಿ, ಬಸ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಚಾರ್ಜರ್ ಮೇಲೆ '12-24 ವೋಲ್ಟ್' ಅಂತ ಬರೆದಿದೆಯೇ ನೋಡಿ. ಅಡಾಪ್ಟರ್, ಪವರ್ ಬ್ಯಾಂಕ್ ಕೊಳ್ಳುವಾಗ ಬಿಐಎಸ್ ಗುರುತು ಇರಲಿ.

ಗಾಡಿ ಸ್ಟಾರ್ಟ್ ಆಗಬೇಕಲ್ಲ!

ಜಾತ್ರೆಯಲ್ಲಿ ಅಂಗಡಿ ಹಾಕಿ, ಎಂಜಿನ್ ಆಫ್ ಮಾಡಿ, ಲ್ಯಾಪ್‌ಟಾಪ್ ಚುಚ್ಚಿಟ್ಟರೆ ಏನಾಗುತ್ತೆ? 65 ವ್ಯಾಟ್ ಚಾರ್ಜರ್ ಗಂಟೆಗೆ ಸುಮಾರು 6 ಆಂಪಿಯರ್-ಅವರ್ ಎಳೆಯಬಹುದು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಎರಡು ಗಂಟೆಗೆ ಮೂರನೇ ಒಂದು ಭಾಗ ಖಾಲಿ. ಬ್ಯಾಟರಿ ಹಳೇದಾಗಿದ್ದರೆ ರಾತ್ರಿ ವಾಪಸ್ ಬರುವಾಗ ಗಾಡಿ ತಳ್ಳಬೇಕಾಗುತ್ತದೆ. ಆದ್ದರಿಂದ ಎಂಜಿನ್ ಓಡುವಾಗಲೇ ಚಾರ್ಜ್ ಮಾಡಿಕೊಳ್ಳಿ. ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಚಾರ್ಜರ್ ಚುಚ್ಚಿ, ಇಳಿಯುವಾಗ ತೆಗೆಯಿರಿ.

ನಿಂತಲ್ಲೇ ಹೊತ್ತು ಕಳೆಯುವವರಿಗೆ 65 ವ್ಯಾಟ್ ಔಟ್‌ಪುಟ್ ಇರುವ 20,000 ಎಂಎಎಚ್ ಪವರ್ ಬ್ಯಾಂಕ್ ಒಳ್ಳೇದು. ಸಣ್ಣ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಒಂದು ಸಲ ಪೂರ್ತಿ ತುಂಬಿಸುತ್ತದೆ.

ಗೂಡ್ಸ್ ಗಾಡಿಯಲ್ಲಿ ಸಾಕೆಟ್ ಇಲ್ಲದಿದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಬೇಕು, ಕೀ ತಿರುಗಿಸಿದರೆ ಮಾತ್ರ ಸಾಕೆಟ್‌ಗೆ ಕರೆಂಟ್ ಬರಬೇಕು ಅಂತ ಹೇಳಿ. ಫ್ಯೂಸ್ ಸುಟ್ಟರೆ ಅದೇ ಆಂಪಿಯರ್‌ನದ್ದೇ ಹಾಕಿಸಿ. ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಕೊನೆಯದಾಗಿ, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಗಾಜು ಏರಿಸಿ ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಇಳಿದು ಹೋಗುವಾಗ ಬ್ಯಾಗಿಗೆ ಹಾಕಿಕೊಂಡು ಜೊತೆಗೇ ಒಯ್ಯಿರಿ.